ಏಳನೇ ಸ್ಥಾನದ ಲೆಕ್ಕ

ಗೆದ್ದವರನ್ನು ಪವಾಡಪುರುಷರೆಂದು ಕರೆದುಬಿಟ್ಟರೆ ಒಂದು ಅನುಕೂಲವಿದೆ, ಯಾರೂ ಲೆಕ್ಕ ಕೇಳುವುದಿಲ್ಲ. ಆಸ್ಟ್ರೇಲಿಯಾದ ದೊಡ್ಡ ಫುಟ್‌ಬಾಲ್ ಲೀಗ್ ಎಎಫ್‌ಎಲ್‌ನ 2016ರ ಋತುವಿಗೆ ಆದದ್ದು ಅದೇ. ಅಂಕಪಟ್ಟಿಯಲ್ಲಿ ಏಳನೆಯದಾಗಿ ಮುಗಿಸಿದ್ದ ವೆಸ್ಟರ್ನ್ ಬುಲ್‌ಡಾಗ್ಸ್ ತಂಡ ನಾಕೌಟ್ ಹಂತದಲ್ಲಿ ಸಾಲಾಗಿ ನಾಲ್ಕು ಪಂದ್ಯ ಗೆದ್ದು, 62 ವರ್ಷಗಳ ನಂತರ ಚಾಂಪಿಯನ್ ಆಯಿತು. ಎಂಟು ತಂಡಗಳ ಫೈನಲ್ಸ್ ಬಂದ ಮೇಲೆ ಏಳನೇ ಸ್ಥಾನದಿಂದ ಹೊರಟು ಯಾರೂ ಅಲ್ಲಿಗೆ ಮುಟ್ಟಿರಲಿಲ್ಲ. ಮೆಲ್ಬರ್ನ್ ನಗರದ ಪಶ್ಚಿಮ ಭಾಗ ಒಂದು ವಾರ ಕೆಂಪು, ಬಿಳಿ, ನೀಲಿ ಬಣ್ಣದಲ್ಲಿ ಮುಳುಗಿತು. ಅಳದ ಗಂಡಸರೂ ಅತ್ತರು. ಅದೆಲ್ಲ ನಿಜವೇ. ಆದರೆ ಆ ಋತುವನ್ನು ಬರೀ ಪವಾಡವೆಂದು ಓದಿದರೆ, ಅದಕ್ಕೆ ಜಾಗ ಮಾಡಿಕೊಟ್ಟ ಮೂವತ್ತು ವರ್ಷಗಳ ನಿಯಮಾವಳಿ ಕಣ್ಣಿಗೆ ಬೀಳುವುದಿಲ್ಲ. ಆ ನಿಯಮಾವಳಿ ಎಲ್ಲಿ ಸೋತಿದೆ ಎಂಬುದೂ ತಿಳಿಯುವುದಿಲ್ಲ.

ಮೊದಲು ಆಟದ ಪರಿಚಯ. ಇದು ನಾವು ವಿಶ್ವಕಪ್‌ನಲ್ಲಿ ನೋಡುವ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ. ಆಡುವುದು ಕ್ರಿಕೆಟ್ ಮೈದಾನದಲ್ಲೇ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಮೆಲ್ಬರ್ನ್‌ನ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟದಂತೆ ಫುಟ್‌ಬಾಲ್ ಕ್ಲಬ್ ಒಂದನ್ನು ಕಟ್ಟಬೇಕೆಂದ. ಮರುವರ್ಷ ನಿಯಮಗಳನ್ನು ಬರೆದಿಟ್ಟರು. ಈಗ ಮೈದಾನ ಮೊಟ್ಟೆಯಾಕಾರದ್ದು, ಚೆಂಡೂ ಹೆಚ್ಚುಕಡಿಮೆ ಅದೇ ಆಕಾರದ್ದು. ಒಂದೊಂದು ತಂಡದಿಂದ 18 ಮಂದಿ ಮೈದಾನದಲ್ಲಿ; 2016ರಲ್ಲಿ ಅದಲುಬದಲಿಗೆ ನಾಲ್ವರು ಹೊರಗಿರುತ್ತಿದ್ದರು. ತಲಾ 20 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಆಟದಿಂದ ಹೊರಗಿದ್ದಾಗ ಗಡಿಯಾರ ನಿಲ್ಲುವುದರಿಂದ ಒಂದೊಂದು ಕ್ವಾರ್ಟರ್ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ. ಚೆಂಡನ್ನು ಒದೆಯಬಹುದು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಯವನಿಗೆ ದಾಟಿಸಬಹುದು. ಇದು ಹ್ಯಾಂಡ್‌ಬಾಲ್. ಎಸೆಯುವಂತಿಲ್ಲ. 15 ಮೀಟರ್‌ಗಿಂತ ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ಮಾರ್ಕ್. ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ಅವನು ನೆಮ್ಮದಿಯಿಂದ ಒದೆಯಬಹುದು. ಆಫ್‌ಸೈಡ್ ಎಂಬ ಕಟ್ಟುಪಾಡೇ ಇಲ್ಲ. ಹೀಗಾಗಿ ಮೊದಲ ಸಲ ನೋಡುವವರಿಗೆ ಇದು ಬರೀ ಗದ್ದಲ. ಮೂರನೇ ಕ್ವಾರ್ಟರ್ ಹೊತ್ತಿಗೆ ಗದ್ದಲದೊಳಗಿನ ಓಟದ ದಾರಿಗಳು ಕಾಣತೊಡಗುತ್ತವೆ.

ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಯಾರ ಮೈಯೂ ತಾಗದೆ ಒದೆದ ಚೆಂಡು ದಾಟಿದರೆ ಗೋಲ್, ಆರು ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಸರಿದರೆ, ಎತ್ತರದ ಕಂಬಕ್ಕೆ ಬಡಿದರೆ, ಎದುರಾಳಿಯ ಬೆರಳು ಸವರಿದರೂ ಸಾಕು, ಅದು ಬಿಹೈಂಡ್, ಒಂದೇ ಅಂಕ. ಅದಕ್ಕೇ ಸ್ಕೋರ್ ಬರೆಯುವಾಗ 13.11 (89) ಎಂದು ಬರೆಯುತ್ತಾರೆ: 13 ಗೋಲ್, 11 ಬಿಹೈಂಡ್, ಒಟ್ಟು 89. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲೀಗ್‌ನಲ್ಲಿ 18 ಕ್ಲಬ್‌ಗಳು. ಹತ್ತು ಕ್ಲಬ್‌ಗಳು ಒಂದೇ ರಾಜ್ಯದವು, ವಿಕ್ಟೋರಿಯಾದವು. ಒಂಬತ್ತು ಮೆಲ್ಬರ್ನ್ ನಗರದೊಳಗೇ ಇವೆ. ಇದು ವಿಕ್ಟೋರಿಯಾ ರಾಜ್ಯದ ಲೀಗ್ ಆಗಿ ಹುಟ್ಟಿ, 1990ರಲ್ಲಿ ರಾಷ್ಟ್ರೀಯ ಹೆಸರು ತಳೆದದ್ದು. ಹಳೆಯ ಮನೆಯ ವಾಸನೆ ಇನ್ನೂ ಹೋಗಿಲ್ಲ. 2016ರಲ್ಲಿ ಮಾರ್ಚ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಪ್ರತಿ ತಂಡಕ್ಕೆ 22 ಪಂದ್ಯವಿತ್ತು. ಉಳಿದ 17 ತಂಡಗಳನ್ನು ಒಮ್ಮೆ ಎದುರಿಸಿದ ಮೇಲೆ ಐದು ಪಂದ್ಯ ಮಿಗುತ್ತಿದ್ದವು. ಹಾಗೆ ಮಿಕ್ಕ ಪಂದ್ಯಗಳಲ್ಲಿ ಯಾರನ್ನು ಎರಡನೇ ಸಲ ಎದುರಿಸಬೇಕೆಂದು ಲೀಗ್ ಹೇಳುತ್ತದೆ. ಹಿಂದಿನ ವರ್ಷದ ಸ್ಥಾನ, ಟಿಕೆಟ್ ಖರ್ಚಾಗುವ ಹಳೆಯ ಪೈಪೋಟಿಗಳು, ಟಿ.ವಿ.ಯವರ ಬೇಡಿಕೆ ಎಲ್ಲವೂ ಅದರಲ್ಲಿ ಸೇರಿರುತ್ತದೆ. ಎಂದರೆ, ಎಲ್ಲರೂ ಒಂದೇ ಪರೀಕ್ಷೆ ಬರೆಯುವುದಿಲ್ಲ. ಗೆಲುವಿಗೆ ನಾಲ್ಕು ಅಂಕ, ಟೈ ಆದರೆ ಎರಡೆರಡು. ಅಂಕ ಸಮವಾದಾಗ ಪರ್ಸೆಂಟೇಜ್ ನೋಡುತ್ತಾರೆ: ತಂಡ ಗಳಿಸಿದ ಒಟ್ಟು ಅಂಕವನ್ನು ಬಿಟ್ಟುಕೊಟ್ಟ ಅಂಕದಿಂದ ಭಾಗಿಸಿ ನೂರರಿಂದ ಗುಣಿಸಿದ್ದು. ಕ್ರಿಕೆಟ್‌ನ ನೆಟ್ ರನ್‌ರೇಟ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಲೆಕ್ಕ ಮಾತ್ರ ಸುಲಭ.

ಈಗ 2016ರ ಪಟ್ಟಿ ನೋಡಿ. ಸಿಡ್ನಿ ಸ್ವಾನ್ಸ್, ಜೀಲಾಂಗ್, ಹಾಥಾರ್ನ್ ಈ ಮೂರಕ್ಕೂ 17 ಗೆಲುವು. ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೈಂಟ್ಸ್, ಅಡಿಲೇಡ್, ವೆಸ್ಟ್ ಕೋಸ್ಟ್ ಈಗಲ್ಸ್ ಈ ಮೂರಕ್ಕೂ 16. ಏಳನೆಯ ಬುಲ್‌ಡಾಗ್ಸ್‌ಗೆ 15. ಎಂಟನೆಯ ನಾರ್ತ್ ಮೆಲ್ಬರ್ನ್‌ಗೆ 12. ಮೊದಲ ಸ್ಥಾನಕ್ಕೂ ಏಳನೆಯದಕ್ಕೂ ಇದ್ದ ದೂರ ಎರಡೇ ಗೆಲುವು; ಏಳಕ್ಕೂ ಎಂಟಕ್ಕೂ ಮೂರು. ಕೆಲವು ವರ್ಷಗಳಲ್ಲಿ 15 ಗೆಲುವು ಮೊದಲ ನಾಲ್ಕರೊಳಗೆ ತಂದು ಕೂರಿಸುತ್ತದೆ. ಪತ್ರಿಕೆಗಳು "ಏಳನೇ ಸ್ಥಾನ" ಎಂದು ಮತ್ತೆ ಮತ್ತೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದಾಗ ಓದುಗನ ಮನಸ್ಸಿನಲ್ಲಿ ಮೂಡಿದ್ದು ಬಡಪಾಯಿ ತಂಡದ ಚಿತ್ರ. ಪಟ್ಟಿ ಹೇಳುತ್ತಿದ್ದದ್ದು ಬೇರೆ. ಏಳು ತಂಡಗಳು ಒಂದೇ ಜಗಲಿಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದವು, ಎಂಟನೆಯದು ಮೆಟ್ಟಿಲ ಕೆಳಗಿತ್ತು.

ಸ್ಥಾನಕ್ಕೆ ಬೆಲೆಯೇ ಇಲ್ಲವೆಂದಲ್ಲ. ಆಗಿನ ನಿಯಮದಂತೆ ಮೊದಲ ಎಂಟು ತಂಡಗಳು ಸೆಪ್ಟೆಂಬರ್‌ನ ಫೈನಲ್ಸ್‌ಗೆ ಹೋಗುತ್ತಿದ್ದವು. ಅದರಲ್ಲಿ ಮೊದಲ ನಾಲ್ಕಕ್ಕೆ ಇನ್ನೊಂದು ಜೀವವಿರುತ್ತಿತ್ತು: ಮೊದಲ ವಾರ ಸೋತರೂ ಸೆಮಿಫೈನಲ್ ಆಡಬಹುದಿತ್ತು, ಗೆದ್ದರೆ ಒಂದು ವಾರ ವಿಶ್ರಾಂತಿ, ನೇರ ಪ್ರಿಲಿಮಿನರಿ ಫೈನಲ್, ಎಂದರೆ ಪ್ರಶಸ್ತಿಯ ಪಂದ್ಯವಾದ ಗ್ರ್ಯಾಂಡ್ ಫೈನಲ್‌ಗೆ ಮುಂಚಿನ ಹಂತ. ಐದರಿಂದ ಎಂಟರವರಿಗೆ ಆ ಭಾಗ್ಯವಿರಲಿಲ್ಲ, ಸೋತ ದಿನವೇ ಮನೆ. ಅಡಿಲೇಡ್ ಕೊನೆಯ ಸುತ್ತಿನಲ್ಲಿ ತನ್ನ ಊರಿನಲ್ಲೇ ವೆಸ್ಟ್ ಕೋಸ್ಟ್‌ಗೆ ಸೋತು, ಜೈಂಟ್ಸ್ ಜೊತೆ 16 ಗೆಲುವಿನಲ್ಲಿ ಸಮವಾಗಿ, ಪರ್ಸೆಂಟೇಜ್‌ನಲ್ಲಿ ಹಿಂದೆ ಬಿದ್ದು ಐದಕ್ಕೆ ಜಾರಿತು. ಆ ಒಂದು ಮೆಟ್ಟಿಲು ಇಳಿದದ್ದಕ್ಕೆ ಅವರ ಎರಡನೇ ಜೀವ ಹೋಯಿತು. ಫೈನಲ್ಸ್‌ನ ಎರಡನೇ ವಾರ ಸಿಡ್ನಿಯ ಕೈಯಲ್ಲಿ ಅವರ ಋತು ಮುಗಿಯಿತು. ಅದೇ ಸಿಡ್ನಿ ಮೊದಲ ವಾರ ಜೈಂಟ್ಸ್‌ಗೆ 36 ಅಂಕಗಳಿಂದ ಸೋತಿತ್ತು. ಸೋತರೂ ಬದುಕಿತ್ತು, ಏಕೆಂದರೆ ಅದು ಮೊದಲ ಸ್ಥಾನದ ತಂಡ.

ಏಳು ತಂಡಗಳು ಹೀಗೆ ಒತ್ತಿಕೊಂಡು ನಿಂತದ್ದು ಕಾಕತಾಳೀಯವೆಂದು ನನಗನ್ನಿಸುವುದಿಲ್ಲ. 1980ರ ದಶಕದ ನಡುವಿನಿಂದ ಈ ಲೀಗ್ ಎರಡು ಕಟ್ಟುಪಾಡುಗಳನ್ನು ಬಿಗಿಮಾಡುತ್ತ ಬಂದಿದೆ. ಒಂದು ಡ್ರಾಫ್ಟ್: ದೇಶದ ಹೊಸ ಹುಡುಗರನ್ನು ಪ್ರತಿ ವರ್ಷಾಂತ್ಯದಲ್ಲಿ ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳಬೇಕು, ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ಇನ್ನೊಂದು ಸಂಬಳದ ಮಿತಿ: ಎಲ್ಲ ಕ್ಲಬ್‌ಗಳೂ ಆಟಗಾರರಿಗೆ ಖರ್ಚು ಮಾಡಬಹುದಾದ ಒಟ್ಟು ಹಣಕ್ಕೆ ಒಂದೇ ಗೆರೆ, 2016ರಲ್ಲಿ ಅದು ಸುಮಾರು ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್. ಐಪಿಎಲ್ ಹರಾಜು ನೋಡಿದವರಿಗೆ ಹಣದ ಮಿತಿ ಹೊಸದಲ್ಲ. ಆದರೆ ಅಲ್ಲಿ ಹೊಸ ಹುಡುಗನಿಗೂ ಬೆಲೆ ಕೂಗಬಹುದು. ಇಲ್ಲಿ ಕೂಗುವಂತಿಲ್ಲ, ಹದಿನೆಂಟರ ಹುಡುಗನನ್ನು ಯಾವ ಕ್ಲಬ್ ಹೆಸರಿಸುತ್ತದೋ, ಗಂಟುಮೂಟೆ ಕಟ್ಟಿ ಅಲ್ಲಿಗೆ ಹೋಗಬೇಕು, ಅದು ಮೂರು ಸಾವಿರ ಕಿಲೋಮೀಟರ್ ಆಚೆಗಿದ್ದರೂ. ಯುರೋಪಿನ ಫುಟ್‌ಬಾಲ್‌ನಲ್ಲಿ ಶ್ರೀಮಂತ ಕ್ಲಬ್ ದಶಕಗಟ್ಟಲೆ ಶ್ರೀಮಂತವಾಗಿಯೇ ಗೆಲ್ಲುತ್ತದೆ. ಇಲ್ಲಿ ಗೆದ್ದವನಿಗೆ ಡ್ರಾಫ್ಟ್‌ನ ಬಾಲ ಸಿಗುತ್ತದೆ, ಸೋತವನಿಗೆ ತಲೆ. ಚಕ್ರ ತಿರುಗಲಿ ಎಂದೇ ಮಾಡಿದ ಏರ್ಪಾಡು.

ಈ ಚಕ್ರದ ಕೆಳಗೆ ಬಹಳ ಕಾಲ ಸಿಕ್ಕಿಹಾಕಿಕೊಂಡಿದ್ದ ಕ್ಲಬ್ ಬುಲ್‌ಡಾಗ್ಸ್. ಅದರ ಹುಟ್ಟುಹೆಸರು ಫುಟ್‌ಸ್ಕ್ರೇ. ಮೆಲ್ಬರ್ನ್ ನಗರದ ನಡುವಿನಿಂದ ಮರಿಬಿರ್ನಾಂಗ್ ನದಿ ದಾಟಿದರೆ ಸಿಗುವ ಬಡಾವಣೆ ಅದು: ಕಾರ್ಖಾನೆ, ಚರ್ಮ ಹದಮಾಡುವ ಘಟಕ, ಕಲ್ಲುಗಣಿ, ಬಂದರಿನ ಕೂಲಿ. ಎರಡನೇ ಮಹಾಯುದ್ಧದ ನಂತರ ಯುರೋಪಿನ ವಲಸಿಗರು ಬಂದರು, ಆಮೇಲೆ ವಿಯೆಟ್ನಾಮಿನವರು, ಆಫ್ರಿಕಾದವರು. ಅದೇ ಪಶ್ಚಿಮ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದರೆ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್. ಇಂದು ಅಲ್ಲಿನ ಅಂಗಡಿಗಳಲ್ಲಿ ಪಂಜಾಬಿ, ತೆಲುಗಿನ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಕ್ಲಬ್ 1925ರಲ್ಲಿ ಲೀಗ್ ಸೇರಿ, 1954ರಲ್ಲಿ ಚಾರ್ಲಿ ಸಟ್ಟನ್ ನಾಯಕನೂ ಕೋಚೂ ಆಗಿದ್ದಾಗ ಮೆಲ್ಬರ್ನ್ ತಂಡವನ್ನು 51 ಅಂಕಗಳಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅದೊಂದೇ. 1961ರಲ್ಲಿ ಇನ್ನೊಮ್ಮೆ ಗ್ರ್ಯಾಂಡ್ ಫೈನಲ್ ತಲುಪಿ ಹಾಥಾರ್ನ್‌ಗೆ ಸೋತಿತು. ಆಮೇಲೆ 1985, 1992, 1997, 1998, 2008, 2009, 2010 ಹೀಗೆ ಏಳು ಸಲ ಗ್ರ್ಯಾಂಡ್ ಫೈನಲ್‌ಗೆ ಒಂದೇ ಹೆಜ್ಜೆ ಬಾಕಿ ಇರುವಾಗ ಸೋತಿತು. 1997ರಲ್ಲಂತೂ ಅಡಿಲೇಡ್ ಎದುರು ಎರಡೇ ಅಂಕಗಳಿಂದ.

ಸೋಲಿಗಿಂತ ದೊಡ್ಡ ಆಪತ್ತು ಬಂದದ್ದು 1989ರಲ್ಲಿ. ಸಾಲದಲ್ಲಿದ್ದ ಫುಟ್‌ಸ್ಕ್ರೇಯನ್ನು ಫಿಟ್ಜ್‌ರಾಯ್ ಕ್ಲಬ್ಬಿನೊಂದಿಗೆ ವಿಲೀನ ಮಾಡಿಬಿಡುವುದೆಂದು ಲೀಗ್ ತೀರ್ಮಾನಿಸಿತು. ಅಭಿಮಾನಿಗಳು ಕೋರ್ಟಿಗೆ ಹೋದರು, ಪೀಟರ್ ಗಾರ್ಡನ್ ಎಂಬ ವಕೀಲ ಮುಂದೆ ನಿಂತರು, ಮನೆಮನೆ ಸುತ್ತಿ ಡಬ್ಬಿ ಕುಲುಕಿ ಕೆಲವೇ ವಾರಗಳಲ್ಲಿ ಹಣ ಕೂಡಿಸಿದರು. ಕ್ಲಬ್ ಉಳಿಯಿತು. ಫಿಟ್ಜ್‌ರಾಯ್ ಮಾತ್ರ 1996ರಲ್ಲಿ ಬ್ರಿಸ್ಬೇನ್‌ನೊಳಗೆ ಕರಗಿತು. ಅದೇ ವರ್ಷದ ಕೊನೆಗೆ ಫುಟ್‌ಸ್ಕ್ರೇ ತನ್ನ ಊರ ಹೆಸರನ್ನು ಬಿಟ್ಟು ವೆಸ್ಟರ್ನ್ ಬುಲ್‌ಡಾಗ್ಸ್ ಆಯಿತು. ಆಡುವವರ ನಡುವೆ ಸಮಾನತೆ ತರುವ ಲೀಗ್ ಕ್ಲಬ್‌ಗಳ ನಡುವಿನ ಬಡತನವನ್ನು ವಿಲೀನದಿಂದ ಪರಿಹರಿಸಲು ಹೊರಟಿತ್ತು ಎಂಬುದನ್ನು 2016ರ ಸಂಭ್ರಮದ ವರದಿಗಳಲ್ಲಿ ಹೆಚ್ಚು ಜನ ಬರೆಯಲಿಲ್ಲ. ಆ ವರ್ಷ ಕ್ಲಬ್ಬಿನ ಅಧ್ಯಕ್ಷರಾಗಿದ್ದವರು ಅದೇ ಪೀಟರ್ ಗಾರ್ಡನ್.

2014ರ ಅಕ್ಟೋಬರ್‌ಗೆ ಬರೋಣ. ಬುಲ್‌ಡಾಗ್ಸ್ 14ನೇ ಸ್ಥಾನದಲ್ಲಿ ಮುಗಿಸಿತ್ತು. ನಾಯಕ ರಯಾನ್ ಗ್ರಿಫನ್ ನನಗೆ ಈ ಕ್ಲಬ್ ಬೇಡ, ಜೈಂಟ್ಸ್‌ಗೆ ಕಳಿಸಿ ಎಂದ. ಬೆನ್ನಿಗೇ ಕೋಚ್ ಬ್ರೆಂಡನ್ ಮೆಕಾರ್ಟ್ನಿ ಹೊರಟರು. ಜೈಂಟ್ಸ್ ಎಂದರೆ ಲೀಗ್ ತಾನೇ ಹೆತ್ತು, ಡ್ರಾಫ್ಟ್‌ನ ಒಳ್ಳೊಳ್ಳೆ ಆಯ್ಕೆಗಳನ್ನು ಉಡಿತುಂಬಿ 2012ರಲ್ಲಿ ಕಣಕ್ಕಿಳಿಸಿದ ಕ್ಲಬ್. ಗ್ರಿಫನ್ ಬದಲಿಗೆ ಬುಲ್‌ಡಾಗ್ಸ್ ತರಿಸಿಕೊಂಡದ್ದು ಟಾಮ್ ಬಾಯ್ಡ್ ಎಂಬ ಹತ್ತೊಂಬತ್ತರ ಎತ್ತರದ ಹುಡುಗನನ್ನು. 2013ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವನೇ. ಆಡಿದ್ದು ಬೆರಳೆಣಿಕೆಯ ಪಂದ್ಯ. ಅವನಿಗೆ ಏಳು ವರ್ಷದ ಒಪ್ಪಂದ, ಹತ್ತಿರ ಹತ್ತಿರ 70 ಲಕ್ಷ ಡಾಲರ್ ಎಂದು ಸುದ್ದಿ. ಎಲ್ಲರೂ ನಕ್ಕರು. ಕೋಚ್ ಆಗಿ ಲ್ಯೂಕ್ ಬೆವರಿಜ್ ಬಂದರು, ನಾಯಕತ್ವ ಬಾಬ್ ಮರ್ಫಿ ಎಂಬ ಮೂವತ್ತೆರಡು ದಾಟಿದ ಹಳೆಯ ಹುಲಿಗೆ ಹೋಯಿತು. ಮರ್ಫಿ ಕ್ಲಬ್ಬಿನ ಜನರಿಗೆ ಮನೆಮಗನಿದ್ದಂತೆ. ಪತ್ರಿಕೆಗೆ ಅಂಕಣವನ್ನೂ ಬರೆಯುತ್ತಿದ್ದ.

ತಂಡದ ಉಳಿದವರನ್ನು ನೋಡಿದರೆ ಡ್ರಾಫ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ತಿಳಿಯುತ್ತದೆ. ಸೋಲಿನ ವರ್ಷಗಳ ಫಲವಾಗಿ ಸಿಕ್ಕವರು ಜೇಕ್ ಸ್ಟ್ರಿಂಗರ್, ಜ್ಯಾಕ್ ಮೆಕ್ರೇ, ಮಾರ್ಕಸ್ ಬಾಂಟೆಂಪೆಲ್ಲಿ. ಕ್ರಮವಾಗಿ ಐದನೇ, ಆರನೇ, ನಾಲ್ಕನೇ ಆಯ್ಕೆಗಳು. ಇಪ್ಪತ್ತರ ಬಾಂಟೆಂಪೆಲ್ಲಿ ಆ ವರ್ಷ ಕ್ಲಬ್ಬಿನ ಶ್ರೇಷ್ಠ ಆಟಗಾರನ ಪದಕ ಗೆದ್ದ. ಇನ್ನೊಂದು ಕಡೆ ಡೇಲ್ ಮಾರಿಸ್, ಮ್ಯಾಥ್ಯೂ ಬಾಯ್ಡ್, ಲಿಯಾಮ್ ಪಿಕನ್, ಜೇಸನ್ ಜೊಹಾನಿಸನ್; ಇವರೆಲ್ಲ ಮುಖ್ಯ ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ, ಆಮೇಲೆ ನಡೆಯುವ ರೂಕಿ ಆಯ್ಕೆಯಲ್ಲಿ ಬಂದವರು. ಕ್ಲಬ್ಬಿಗೆ ನೂರು ಪಂದ್ಯ ಆಡಿದವನ ಮಗನನ್ನು ಅದೇ ಕ್ಲಬ್ ಆದ್ಯತೆಯ ಮೇಲೆ ಪಡೆಯಬಹುದೆಂಬ ಅಪ್ಪ-ಮಗ ನಿಯಮದಡಿ ಬಂದವನು ಟಾಮ್ ಲಿಬರಟೋರೆ. ಹೆಲ್ಮೆಟ್ ತೊಟ್ಟು ಆಡುವ 168 ಸೆಂಟಿಮೀಟರ್ ಎತ್ತರದ ಕೇಲಬ್ ಡೇನಿಯಲ್‌ನನ್ನು ಈ ಆಟಕ್ಕೆ ತೀರಾ ಗಿಡ್ಡ ಎಂದು ಬಹಳ ಕ್ಲಬ್‌ಗಳು ಬಿಟ್ಟಿದ್ದವು. ನಿಯಮಗಳು ಬಡ ಕ್ಲಬ್ಬಿಗೆ ಅವಕಾಶ ಕೊಟ್ಟವು. ಆ ಅವಕಾಶದೊಳಗೆ ಯಾರನ್ನು ನಂಬಬೇಕೆಂಬುದು ಕ್ಲಬ್ಬಿನ ಕಣ್ಣು. ಬೆವರಿಜ್ ಈ ಮಂದಿಯಿಂದ ಆಡಿಸಿದ ಆಟ ವಿಚಿತ್ರವಾಗಿತ್ತು: ಎತ್ತರದವರಿಗೆ ಉದ್ದಕ್ಕೆ ಒದೆಯುವುದಕ್ಕಿಂತ, ಗುಂಪಾಗಿ ಓಡುತ್ತ ಹ್ಯಾಂಡ್‌ಬಾಲ್ ಮೇಲೆ ಹ್ಯಾಂಡ್‌ಬಾಲ್ ಕೊಟ್ಟು ಸಂದಿಯಲ್ಲಿ ನುಸುಳುವುದು.

2016ರ ಮೂರನೇ ಸುತ್ತಿನಲ್ಲೇ ಹಾಥಾರ್ನ್ ಎದುರು ಮರ್ಫಿಯ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಅವನ ಋತು ಅಲ್ಲಿಗೆ ಮುಗಿಯಿತು. ಈಸ್ಟನ್ ವುಡ್ ನಾಯಕನಾದ. ಜುಲೈನಲ್ಲಿ ತಂಡದ ಇನ್ನೊಬ್ಬ ಆಟಗಾರ ಮಿಚ್ ವಾಲಿಸ್‌ನ ಕಾಲು ಮುರಿಯಿತು. ಋತುವಿನ ಕೊನೆಯ ಹೊತ್ತಿಗೆ ಮೆಕ್ರೇ, ಲಿಬರಟೋರೆ ಇಬ್ಬರೂ ಗಾಯಾಳುಗಳ ಪಟ್ಟಿಯಲ್ಲಿದ್ದರು. ಈ ತಂಡ ಮೊದಲ ವಾರವೇ ಮನೆಗೆ ಹೋಗುತ್ತದೆಂದು ಹೆಚ್ಚಿನವರು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗ ಒದಗಿ ಬಂದದ್ದು ಯಾರೂ ಬುಲ್‌ಡಾಗ್ಸ್‌ಗೆಂದು ಮಾಡದ ಒಂದು ನಿಯಮ. ಹಿಂದಿನ ವರ್ಷ ಫ್ರಿಮ್ಯಾಂಟಲ್ ಮತ್ತು ನಾರ್ತ್ ಮೆಲ್ಬರ್ನ್ ತಂಡಗಳು ಫೈನಲ್ಸ್‌ಗೆ ಮುಂಚಿನ ಸುತ್ತಿನಲ್ಲಿ ತಮ್ಮ ಮುಖ್ಯ ಆಟಗಾರರನ್ನು ಗುಂಪುಗುಂಪಾಗಿ ಕೂರಿಸಿ, ಪಂದ್ಯವನ್ನು ತಮಾಷೆ ಮಾಡಿದ್ದವು. ಇದಕ್ಕೆ ಮದ್ದಾಗಿ ಲೀಗ್ 2016ರಿಂದ ಕೊನೆಯ ಸುತ್ತಿಗೂ ಫೈನಲ್ಸ್‌ಗೂ ನಡುವೆ ಎಲ್ಲರಿಗೂ ಒಂದು ವಾರ ಬಿಡುವು ಕೊಟ್ಟಿತು. ಉದ್ದೇಶ ಕೊನೆಯ ಸುತ್ತಿನ ಮಾನ ಕಾಯುವುದು. ಫಲಿತಾಂಶ ಬೇರೆಯೇ. ಮೆಕ್ರೇ, ಲಿಬರಟೋರೆ ಆ ವಾರದಲ್ಲಿ ಚೇತರಿಸಿಕೊಂಡು ಮರಳಿದರು. ಮೊದಲ ವಾರ ಗೆದ್ದ ಮೇಲಿನ ತಂಡಗಳಿಗೆ ಮೊದಲೇ ಇದ್ದ ವಿಶ್ರಾಂತಿಯ ಜೊತೆ ಇದೂ ಸೇರಿ, ಒಂದು ತಿಂಗಳಲ್ಲಿ ಒಂದೇ ಪಂದ್ಯ ಆಡಿ ಪ್ರಿಲಿಮಿನರಿಗೆ ಬರುವಂತಾಯಿತು. ದಣಿವಾರಿಸಿಕೊಂಡರೋ ಲಯ ತಪ್ಪಿದರೋ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಆ ವರ್ಷವಂತೂ ಜೀಲಾಂಗ್, ಜೈಂಟ್ಸ್ ಎರಡೂ ಅದೇ ದಾರಿಯಲ್ಲಿ ಬಂದು ಸೋತವು.

ಮೊದಲ ಪಂದ್ಯ ಪರ್ತ್‌ನಲ್ಲಿ, ಸೆಪ್ಟೆಂಬರ್ 8ರ ಗುರುವಾರ ರಾತ್ರಿ. ಮೆಲ್ಬರ್ನ್‌ನಿಂದ ಪರ್ತ್‌ಗೆ ವಿಮಾನದಲ್ಲೇ ನಾಲ್ಕು ಗಂಟೆ. ವೆಸ್ಟ್ ಕೋಸ್ಟ್ ಹಿಂದಿನ ವರ್ಷ ಗ್ರ್ಯಾಂಡ್ ಫೈನಲ್ ಆಡಿದ ತಂಡ, ತನ್ನ ಊರಿನಲ್ಲಿ ಸೋಲಿಸುವುದು ಕಷ್ಟ. ಬುಲ್‌ಡಾಗ್ಸ್ 47 ಅಂಕಗಳಿಂದ ಗೆದ್ದಿತು. ಮುಂದಿನ ವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಹಾಥಾರ್ನ್: 2013, 2014, 2015 ಮೂರೂ ವರ್ಷದ ಚಾಂಪಿಯನ್. ಮೊದಲ ವಾರ ಜೀಲಾಂಗ್ ಎದುರು ಕೊನೆಯ ಸೈರನ್ ಆದ ಮೇಲೆ ತನ್ನ ಆಟಗಾರ ಐಸಾಕ್ ಸ್ಮಿತ್ ಒದ್ದ ಚೆಂಡು ಗುರಿ ತಪ್ಪಿದ್ದರಿಂದ ಎರಡು ಅಂಕಗಳಿಂದ ಸೋತು ಈ ಸೆಮಿಫೈನಲ್‌ಗೆ ಬಂದಿತ್ತು. ಬುಲ್‌ಡಾಗ್ಸ್ ಮೊದಲು ಹಿಂದೆ ಬಿದ್ದು, ಆಮೇಲೆ ಎದುರಾಳಿಯನ್ನು ಓಡಿಸಿ ಓಡಿಸಿ ದಣಿಸಿ, 107–84ರಿಂದ ಗೆದ್ದಿತು. ಒಂದು ರಾಜವಂಶ ಅಲ್ಲಿಗೆ ಮುಗಿಯಿತು.

ಇಡೀ ಋತುವಿನಲ್ಲಿ ನನ್ನ ಮಟ್ಟಿಗೆ ಅತ್ಯುತ್ತಮ ಪಂದ್ಯ ಗ್ರ್ಯಾಂಡ್ ಫೈನಲ್ ಅಲ್ಲ, ಸೆಪ್ಟೆಂಬರ್ 24ರ ಪ್ರಿಲಿಮಿನರಿ ಫೈನಲ್. ಜಾಗ ಸಿಡ್ನಿಯ ಪಶ್ಚಿಮದ ಪುಟ್ಟ ಕ್ರೀಡಾಂಗಣ. ಎದುರಾಳಿ ಜೈಂಟ್ಸ್, ಬುಲ್‌ಡಾಗ್ಸ್‌ನಿಂದ ಗ್ರಿಫನ್‌ನನ್ನೂ ಅದಕ್ಕೆ ಮೊದಲು ಕ್ಯಾಲನ್ ವಾರ್ಡ್‌ನನ್ನೂ ಕೊಂಡೊಯ್ದ ಕ್ಲಬ್. ಒಂದು ಕಡೆ ಡಬ್ಬಿ ಕುಲುಕಿ ಉಳಿಸಿಕೊಂಡದ್ದು, ಇನ್ನೊಂದು ಕಡೆ ಲೀಗ್ ಕಚೇರಿಯಲ್ಲಿ ನಕ್ಷೆ ಹಾಕಿ ಹುಟ್ಟಿಸಿದ್ದು. ಮೆಲ್ಬರ್ನ್‌ನ ಪಶ್ಚಿಮದಿಂದ ಬಸ್ಸು, ಕಾರುಗಳು ಹ್ಯೂಮ್ ಹೆದ್ದಾರಿಯಲ್ಲಿ ಸಾಲುಗಟ್ಟಿ ಸುಮಾರು 900 ಕಿಲೋಮೀಟರ್ ಓಡಿ ಬಂದವು. ಮೂರು ಸಲ ಮೊಣಕಾಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಕ್ಲೇ ಸ್ಮಿತ್ ನಾಲ್ಕು ಗೋಲ್ ಬಾರಿಸಿದ. ಕೊನೆಯ ಕ್ವಾರ್ಟರ್‌ನಲ್ಲಿ ಮುನ್ನಡೆ ಅತ್ತಿಂದಿತ್ತ ಓಲಾಡಿತು. ಕೊನೆಗೆ ಬುಲ್‌ಡಾಗ್ಸ್‌ಗೆ ಮುನ್ನಡೆ ತಂದ ಗೋಲ್ ಮೆಕ್ರೇಯದು, ಬಿಡುವಿನ ವಾರವಿಲ್ಲದಿದ್ದರೆ ಆ ತಿಂಗಳು ಆಡುವುದೇ ಅನುಮಾನವಾಗಿದ್ದವನದು. 89–83, ಆರೇ ಅಂಕ. ಒಂದು ಗೋಲಿನ ಬೆಲೆ.

ಅಕ್ಟೋಬರ್ 1, ಶನಿವಾರ. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ ಎರಡೂವರೆ, ಬೆಂಗಳೂರಿನಲ್ಲಿ ಬೆಳಗ್ಗೆ ಹತ್ತು. ಹಿಂದಿನ ದಿನ ಶುಕ್ರವಾರ ಇಡೀ ವಿಕ್ಟೋರಿಯಾ ರಾಜ್ಯಕ್ಕೆ ಸರ್ಕಾರಿ ರಜೆ, ಆಟಗಾರರ ಮೆರವಣಿಗೆ ನೋಡಲಿ ಎಂದು. ಮೈದಾನದಲ್ಲಿ 99,981 ಜನ. ಸಿಡ್ನಿಗೆ ಲ್ಯಾನ್ಸ್ ಫ್ರ್ಯಾಂಕ್ಲಿನ್ ಇದ್ದ, ಲೀಗ್‌ನ ಅತಿ ದುಬಾರಿ ಆಟಗಾರರಲ್ಲಿ ಒಬ್ಬ. ಆರಂಭದಲ್ಲೇ ಅವನ ಹಿಮ್ಮಡಿಗಂಟು ಉಳುಕಿತು, ಕುಂಟುತ್ತಲೇ ಆಡಿದ. ಕೊನೆಯ ಕ್ವಾರ್ಟರ್‌ನಲ್ಲಿ ಸಿಡ್ನಿ ಕೂದಲೆಳೆಯ ಅಂತರಕ್ಕೆ ಬಂತು. ಜೊಹಾನಿಸನ್ ಓಡುತ್ತ ಒದ್ದು ಗೋಲ್ ಆಯಿತೆಂದು ಕುಣಿದ. ವಿಡಿಯೊ ಪರಿಶೀಲನೆಯಲ್ಲಿ ಎದುರಾಳಿಯ ಬೆರಳು ತಾಗಿದ್ದು ಕಂಡು, ಆರು ಅಂಕ ಒಂದಕ್ಕೆ ಇಳಿಯಿತು. ಆಮೇಲೆ ಡೇಲ್ ಮಾರಿಸ್ ಹಿಂದಿನಿಂದ ಹೋಗಿ ಫ್ರ್ಯಾಂಕ್ಲಿನ್‌ನನ್ನು ಕೆಡವಿದ, ಚೆಂಡು ಜಾರಿತು, ಅದು ಟಾಮ್ ಬಾಯ್ಡ್ ಕೈಗೆ ಸಿಕ್ಕಿತು. ಐವತ್ತು ಮೀಟರ್‌ಗೂ ಆಚೆಯಿಂದ ಅವನು ಒದ್ದ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಯಾರಿಗೂ ಸಿಗದೆ ಕಂಬಗಳ ನಡುವೆ ಉರುಳಿತು. ಎರಡು ವರ್ಷ ನಗೆಪಾಟಲಾಗಿದ್ದ ಒಪ್ಪಂದದ ಹುಡುಗನಿಗೆ ಅಂದು ಮೂರು ಗೋಲ್. ಪಿಕನ್‌ಗೂ ಮೂರು. ಬುಲ್‌ಡಾಗ್ಸ್ 13.11 (89), ಸಿಡ್ನಿ 10.7 (67). ಪಂದ್ಯಶ್ರೇಷ್ಠನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಜೊಹಾನಿಸನ್‌ಗೆ.

ವೇದಿಕೆಯ ಮೇಲೆ ಗೆದ್ದ ಕೋಚ್‌ಗೆ ಕೊಡುವ ಪದಕವನ್ನು ಬೆವರಿಜ್ ಮರ್ಫಿಯನ್ನು ಕರೆದು ಅವನ ಕೊರಳಿಗೆ ಹಾಕಿದರು. ಆಡದವನಿಗೆ ಪದಕವಿಲ್ಲವೆಂಬುದು ಅಲ್ಲಿನ ನಿಯಮ. ಅದನ್ನು ಕೋಚ್ ತನ್ನ ಪಾಲನ್ನು ಕೊಟ್ಟು ದಾಟಿದರು. ಮರ್ಫಿ ಅದನ್ನು ಇಟ್ಟುಕೊಳ್ಳದೆ ಮರಳಿಸಿದ.

ಸಿಡ್ನಿಯ ಕಡೆಯ ಕಥೆಯನ್ನೂ ಕೇಳಬೇಕು, ಏಕೆಂದರೆ ಪವಾಡದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆ ಪಂದ್ಯದಲ್ಲಿ ಅಂಪೈರ್‌ಗಳು ಬುಲ್‌ಡಾಗ್ಸ್‌ಗೆ 20 ಫ್ರೀ ಕಿಕ್ ಕೊಟ್ಟರು, ಸಿಡ್ನಿಗೆ 8. ಈ ಆಟದಲ್ಲಿ ಫ್ರೀ ಕಿಕ್ ಸಂಖ್ಯೆ ಸಮ ಬರಬೇಕೆಂದೇನಿಲ್ಲ. ಚೆಂಡಿಗೆ ಮೊದಲು ನುಗ್ಗುವವರಿಗೆ ಹೆಚ್ಚು ಸಿಗುತ್ತವೆ. ಆದರೂ ಅಂತರ ದೊಡ್ಡದು, ಸಿಡ್ನಿಯವರ ಕಹಿ ಸುಳ್ಳಲ್ಲ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಗಟ್ಟಿಯಾದ ದೂರು ಇನ್ನೊಂದಿದೆ, ಅದರ ಮೇಲೆ ಅಷ್ಟು ಚರ್ಚೆಯೇ ಆಗಲಿಲ್ಲ. ಮೊದಲ ಸ್ಥಾನದ ತಂಡ, ಏಳನೇ ಸ್ಥಾನದ ತಂಡವನ್ನು ಎದುರಿಸಲು ಆ ತಂಡದ ಊರಿಗೆ ಹೋಗಬೇಕಾಯಿತು. ಗ್ರ್ಯಾಂಡ್ ಫೈನಲ್ ಯಾವಾಗಲೂ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲೇ ಎಂದು ಒಪ್ಪಂದವಿದೆ. 2018ರಲ್ಲಿ ಅದನ್ನು 2057ರವರೆಗೆ ಎಳೆದರು. ಡ್ರಾಫ್ಟ್ ಸಮ, ಸಂಬಳ ಸಮ, ಕೊನೆಯ ಶನಿವಾರದ ನೆಲ ಮಾತ್ರ ಸಮವಲ್ಲ. ಸಿಡ್ನಿ, ಪರ್ತ್, ಅಡಿಲೇಡ್, ಬ್ರಿಸ್ಬೇನ್‌ನ ಕ್ಲಬ್‌ಗಳು ವರ್ಷವಿಡೀ ದುಡಿದು ಗಳಿಸುವ ಮೊದಲ ಸ್ಥಾನದ ಅರ್ಧ ಬೆಲೆ ಆ ದಿನ ವಿಮಾನದಲ್ಲೇ ಕರಗುತ್ತದೆ. ಹತ್ತು ಕ್ಲಬ್ ಒಂದೇ ರಾಜ್ಯದಲ್ಲಿರುವ ಲೀಗ್ ಇದನ್ನು ಬದಲಿಸಲು ಮನಸ್ಸು ಮಾಡುವುದು ಕಷ್ಟ.

ಪಟ್ಟಿಯ ತಳವೂ ಆ ವರ್ಷ ಸಾಮಾನ್ಯವಾಗಿರಲಿಲ್ಲ. ಎಸೆಂಡನ್ ಎಂಬ ಶ್ರೀಮಂತ, ಪುರಾತನ ಕ್ಲಬ್ 2012ರಲ್ಲಿ ಆಟಗಾರರಿಗೆ ಚುಚ್ಚುಮದ್ದಿನ ಕಾರ್ಯಕ್ರಮವೊಂದನ್ನು ನಡೆಸಿತ್ತು. ಲೀಗ್‌ನ ನ್ಯಾಯಮಂಡಳಿ 2015ರಲ್ಲಿ ಆಟಗಾರರನ್ನು ದೋಷಮುಕ್ತ ಮಾಡಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಮೇಲ್ಮನವಿ ಹೋಗಿ, 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 34 ಮಂದಿ ಹಾಲಿ, ಮಾಜಿ ಆಟಗಾರರನ್ನು ತಪ್ಪಿತಸ್ಥರೆಂದಿತು. ಆ ವೇಳೆಗೆ ಎಸೆಂಡನ್‌ನಲ್ಲೇ ಇದ್ದ ಹನ್ನೆರಡು ಆಟಗಾರರು ಇಡೀ ಋತು ಹೊರಗುಳಿದರು. ನಿವೃತ್ತಿಯ ಅಂಚಿನವರನ್ನೂ ಬೇರೆಡೆ ಬೇಡವಾದವರನ್ನೂ ಕೂಡಿಸಿ ತಂಡ ಕಟ್ಟಿ ಎಸೆಂಡನ್ ಮೂರೇ ಪಂದ್ಯ ಗೆದ್ದು, 1933ರ ನಂತರ ಮೊದಲ ಸಲ ಕೊನೆಯ ಸ್ಥಾನಕ್ಕೆ ಇಳಿಯಿತು. ಕೊನೆಯ ಸ್ಥಾನಕ್ಕೆ ಮೊದಲ ಆಯ್ಕೆ ಎಂಬ ನಿಯಮದ ಪ್ರಕಾರ ವರ್ಷಾಂತ್ಯದಲ್ಲಿ ದೇಶದ ಅತ್ಯುತ್ತಮ ಹುಡುಗನನ್ನು ಆರಿಸುವ ಹಕ್ಕೂ ಅದಕ್ಕೇ ಸಿಕ್ಕಿತು. ಶಿಕ್ಷೆ ಉಂಡದ್ದು ಆಟಗಾರರು, ಪ್ರಸಾದ ಸಿಕ್ಕಿದ್ದು ಕ್ಲಬ್ಬಿಗೆ. ನಾಯಕ ಜೋಬ್ ವಾಟ್ಸನ್ 2012ರಲ್ಲಿ ಗೆದ್ದಿದ್ದ ಬ್ರೌನ್ಲೋ ಪದಕವನ್ನು, ಎಂದರೆ ಅಂಪೈರ್‌ಗಳ ಮತದಿಂದ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಗೌರವವನ್ನು, ನವೆಂಬರ್‌ನಲ್ಲಿ ಕಳೆದುಕೊಂಡ. ಸಮಾನತೆಯ ಯಂತ್ರಕ್ಕೆ ಯಾಕೆ ಸೋತೆ ಎಂದು ಕೇಳಲು ಬರುವುದಿಲ್ಲ. ಎಷ್ಟು ಸೋತೆ ಎಂದಷ್ಟೇ ಕೇಳುತ್ತದೆ.

ಅದೇ ಯಂತ್ರ ಮೇಲಿನವರನ್ನೂ ಬಿಡುವುದಿಲ್ಲ. 2015ರಲ್ಲಿ ಪಟ್ಟಿಯ ನೆತ್ತಿಯಲ್ಲಿದ್ದ ಫ್ರಿಮ್ಯಾಂಟಲ್ 2016ರ ಮೊದಲ ಹತ್ತೂ ಪಂದ್ಯ ಸೋತು 16ನೆಯದಾಯಿತು. ಬುಲ್‌ಡಾಗ್ಸ್ ತಾನೂ 2017ರಲ್ಲಿ 11 ಗೆದ್ದು 11 ಸೋತು, ಹತ್ತನೇ ಸ್ಥಾನಕ್ಕೆ ಇಳಿದು, ಫೈನಲ್ಸ್ ಹೊರಗೇ ಉಳಿಯಿತು. ಟಾಮ್ ಬಾಯ್ಡ್ ಮಾನಸಿಕ ಆರೋಗ್ಯದ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡು, 2019ರಲ್ಲಿ ಇನ್ನೂ 23ರ ಪ್ರಾಯದಲ್ಲೇ, ಒಪ್ಪಂದದ ವರ್ಷಗಳು ಬಾಕಿ ಇರುವಾಗಲೇ ಆಟ ಬಿಟ್ಟ. 2017ರ ಪ್ರಶಸ್ತಿ ಗೆದ್ದದ್ದು ರಿಚ್‌ಮಂಡ್. 1980ರಿಂದ ಕಾದಿದ್ದ ಆ ಕ್ಲಬ್, ಬುಲ್‌ಡಾಗ್ಸ್ ಏಳನೆಯದಾಗಿದ್ದ ವರ್ಷದ ಪಟ್ಟಿಯಲ್ಲಿ ಇದ್ದದ್ದು 13ನೇ ಸಾಲಿನಲ್ಲಿ.